ಡೇನಿಯಲ್ ಬೂನ್ ಭಾವಚಿತ್ರ, 1820: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರ ಚಿತ್ರ? ಬರೆದವರು ಯಾರು? ಎಲ್ಲಿದೆ?

ಅಮೆರಿಕದ ಅಪಲಾಚಿಯನ್ ಬೆಟ್ಟಸಾಲನ್ನು ದಾಟಿ ಕೆಂಟಕಿಯೊಳಕ್ಕೆ ಬಿಳಿಯರ ವಲಸೆಗೆ ದಾರಿ ಮಾಡಿಕೊಟ್ಟವನೆಂದು ಹೆಸರಾದ ಬೇಟೆಗಾರ ಡೇನಿಯಲ್ ಬೂನ್‌ನ ತೈಲವರ್ಣದ ಭಾವಚಿತ್ರವಿದು. ಚೆಸ್ಟರ್ ಹಾರ್ಡಿಂಗ್ ಎಂಬ ಕಲಾವಿದ 1820ರ ಜೂನ್ ತಿಂಗಳಲ್ಲಿ ಮಿಸೌರಿಗೆ ಹೋಗಿ, ಬೂನ್‌ನನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಬರೆದ. ಬೂನ್ ಬದುಕಿದ್ದಾಗ ಅವನನ್ನು ನೋಡಿ ಬರೆದ ಚಿತ್ರಗಳೆಂದು ಇತಿಹಾಸಕಾರರು ಒಪ್ಪಿರುವುದು ಹಾರ್ಡಿಂಗ್‌ನ ಈ ಕೆಲಸವನ್ನು ಮಾತ್ರ. ಇದಾದ ಮೂರು ತಿಂಗಳಿಗೆ, ಅಂದರೆ ಅದೇ ವರ್ಷದ ಸೆಪ್ಟೆಂಬರ್ 26ರಂದು, ಬೂನ್ ತೀರಿಕೊಂಡ. ಹಾರ್ಡಿಂಗ್ ಇನ್ನೊಂದು ಬೇಸಿಗೆ ಕಳೆದ ಮೇಲೆ ಹೊರಟಿದ್ದರೆ ಆ ಮುಖ ಹೇಗಿತ್ತೆಂಬುದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಚಿತ್ರ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿದೆ. ವಾಷಿಂಗ್ಟನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿಯೂ 1820ರ ಕಾಲಮಾನದ, ಹಾರ್ಡಿಂಗ್‌ನದೇ ಆದ ಬೂನ್ ಭಾವಚಿತ್ರವೊಂದಿದೆ.

ಹಾಗಾದರೆ ಎರಡರಲ್ಲಿ ಮೂಲ ಯಾವುದು, ನಕಲು ಯಾವುದು?

ಈ ಪ್ರಶ್ನೆಯನ್ನು ಕೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಫೋಟೊ ಮತ್ತು ಅದರ ಪ್ರತಿ. ಆ ಕಾಲದ ಭಾವಚಿತ್ರಕಾರರ ಕೆಲಸದ ರೀತಿ ಬೇರೆಯಾಗಿತ್ತು. ಎದುರಿಗೆ ಕೂತ ವ್ಯಕ್ತಿಯ ಮುಖವನ್ನು ಮೊದಲು ಚಿಕ್ಕ ಕ್ಯಾನ್ವಾಸಿನ ಮೇಲೆ ಹಿಡಿದಿಟ್ಟುಕೊಂಡು, ಊರಿಗೆ ಮರಳಿದ ಮೇಲೆ ಅದನ್ನು ಮುಂದಿಟ್ಟುಕೊಂಡು ದೊಡ್ಡ ಚಿತ್ರವನ್ನೋ ಗಿರಾಕಿ ಬಯಸಿದ ಗಾತ್ರದ ಚಿತ್ರವನ್ನೋ ಬರೆಯುವುದು ಅವರಲ್ಲಿ ರೂಢಿ. ಹೀಗೆ ಒಂದೇ ಕೈಯಿಂದ ಬಂದ ಎರಡನೆಯ ಚಿತ್ರವನ್ನು ನಕಲು ಎಂದು ಯಾರೂ ಕರೆಯುತ್ತಿರಲಿಲ್ಲ.

ಹಾರ್ಡಿಂಗ್ ಮಾಡಿದ್ದೂ ಇದನ್ನೇ. ಬೋಸ್ಟನ್‌ನಲ್ಲಿರುವ ಚಿತ್ರವು ಬೂನ್‌ನ ಎದುರಿನಲ್ಲಿಯೇ ಬರೆದ ಚಿಕ್ಕ ಚಿತ್ರವೆಂದು ವಿದ್ವಾಂಸರು ಹೇಳುತ್ತಾರೆ. ಅದರ ಆಧಾರದ ಮೇಲೆ ಅವನು ಬೂನ್‌ನ ಆಳೆತ್ತರದ ಚಿತ್ರವನ್ನೂ ಬರೆದನು. ಆ ದೊಡ್ಡ ಚಿತ್ರದ ಕಥೆ ಸ್ವಲ್ಪ ದುಃಖದ್ದು, ಮುಂದೆ ಬರುತ್ತದೆ.

ಡೇನಿಯಲ್ ಬೂನ್ ಯಾರು?

1734ರಲ್ಲಿ ಪೆನ್ಸಿಲ್ವೇನಿಯದಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಂದು ಕುಟುಂಬದಲ್ಲಿ ಹುಟ್ಟಿದವನು. ಹದಿಹರೆಯದಲ್ಲಿ ಮನೆಯವರೊಂದಿಗೆ ನಾರ್ತ್ ಕ್ಯಾರೊಲೈನದ ಯಾಡ್ಕಿನ್ ನದಿಯ ಕಣಿವೆಗೆ ಬಂದ, 1756ರಲ್ಲಿ ರೆಬೆಕಾ ಬ್ರಯನ್‌ಳನ್ನು ಮದುವೆಯಾದ, ಹತ್ತು ಮಕ್ಕಳಾದವು. ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ಮನೆಬಿಟ್ಟು ಜಿಂಕೆಯ ತೊಗಲಿಗೂ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳಕ್ಕೂ ಕಾಡು ಅಲೆಯುವುದು ಅವನ ಜೀವನೋಪಾಯವಾಗಿತ್ತು. ಅಷ್ಟು ಕಾಲ ಹೊಲ, ಮನೆ, ಮಕ್ಕಳನ್ನು ನೋಡಿಕೊಂಡವಳು ರೆಬೆಕಾ. ಅವಳ ಮುಖವನ್ನು ಬರೆಯಲು ಯಾವ ಹಾರ್ಡಿಂಗ್‌ನೂ ಬರಲಿಲ್ಲ. 1813ರಲ್ಲಿಯೇ ಅವಳು ತೀರಿಕೊಂಡಿದ್ದಳು.

1769ರಿಂದ ಎರಡು ವರ್ಷ ಬೂನ್ ಕೆಂಟಕಿಯ ಕಾಡುಗಳಲ್ಲಿ ತಿರುಗಿದ. 1773ರಲ್ಲಿ ಕೆಲವು ಕುಟುಂಬಗಳನ್ನು ಕರೆದುಕೊಂಡು ಅಲ್ಲಿ ನೆಲೆಸಲು ಹೊರಟಾಗ, ಆ ನೆಲದ ಮೇಲಿನ ಅತಿಕ್ರಮಣವನ್ನು ತಡೆಯಲು ನಿಂತಿದ್ದ ಮೂಲನಿವಾಸಿಗಳ ತಂಡವೊಂದರ ಕೈಯಲ್ಲಿ ಅವನ ಹಿರಿಯ ಮಗ ಜೇಮ್ಸ್ ಹತನಾದ. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ಜಮೀನು ವ್ಯಾಪಾರಿಯ ಟ್ರಾನ್ಸಿಲ್ವೇನಿಯ ಕಂಪನಿಗಾಗಿ, ಸುಮಾರು ಮೂವತ್ತು ಮಂದಿ ಕೊಡಲಿಯಾಳುಗಳೊಂದಿಗೆ ಕಂಬರ್ಲೆಂಡ್ ಗ್ಯಾಪ್ ಎಂಬ ಕಣಿವೆಯ ಮೂಲಕ ಮರ ಕಡಿದು ದಾರಿ ಮಾಡಿದ. ವೈಲ್ಡರ್‌ನೆಸ್ ರೋಡ್ ಎಂದು ಹೆಸರಾದ ಆ ದಾರಿಯ ಕೊನೆಯಲ್ಲಿ, ಕೆಂಟಕಿ ನದಿಯ ದಂಡೆಯಲ್ಲಿ, ಬೂನ್ಸ್‌ಬರೊ ಎಂಬ ಕೋಟೆಮನೆಗಳ ಊರು ಎದ್ದಿತು.

1778ರ ಫೆಬ್ರವರಿಯಲ್ಲಿ, ತನ್ನ ಜನ ಉಪ್ಪು ಕಾಯಿಸಲು ಹೋಗಿದ್ದಾಗ, ಅವನು ಶಾನೀ ಎಂಬ ಮೂಲನಿವಾಸಿ ಜನರ ಸೆರೆಯಾದ. ಅವರ ನಾಯಕ ಬ್ಲ್ಯಾಕ್‌ಫಿಶ್ ಅವನನ್ನು ದತ್ತು ತೆಗೆದುಕೊಂಡು ‘ದೊಡ್ಡ ಆಮೆ’ ಎಂಬ ಅರ್ಥದ ಶೆಲ್ಟೊವೀ ಎಂಬ ಹೆಸರಿಟ್ಟ. ಜೂನ್‌ನಲ್ಲಿ ಬೂನ್ ತಪ್ಪಿಸಿಕೊಂಡು ನಾಲ್ಕು ದಿನಗಳಲ್ಲಿ ಸುಮಾರು 160 ಮೈಲಿ ದಾಟಿ ಬೂನ್ಸ್‌ಬರೊ ತಲುಪಿದ. ಶತ್ರುವಿನೊಂದಿಗೆ ಕೈಜೋಡಿಸಿದ್ದನೆಂದು ಸ್ವಂತ ಜನರೇ ಸೈನಿಕ ವಿಚಾರಣೆಗೆ ಗುರಿಮಾಡಿದರು. ಆರೋಪದಿಂದ ಬಿಡುಗಡೆಯೂ ಆಯಿತು, ಬಡ್ತಿಯೂ ಸಿಕ್ಕಿತು. 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಇನ್ನೊಬ್ಬ ಮಗ ಇಸ್ರೇಲ್ ಸತ್ತ.

1784ರಲ್ಲಿ ಜಾನ್ ಫಿಲ್ಸನ್ ಎಂಬವನು ಕೆಂಟಕಿಯ ಬಗ್ಗೆ ಬರೆದ ಪುಸ್ತಕದಲ್ಲಿ ಬೂನ್‌ನ ಸಾಹಸಗಳನ್ನು ಅವನೇ ಹೇಳಿದಂತೆ, ಆದರೆ ಕಾಡಿನ ಬೇಟೆಗಾರನ ಬಾಯಲ್ಲಿ ಎಂದೂ ಬರಲಾರದ ಅಲಂಕಾರದ ಭಾಷೆಯಲ್ಲಿ, ಸೇರಿಸಿದ. ಅಲ್ಲಿಂದ ಬೂನ್ ಯುರೋಪಿನಲ್ಲೂ ಹೆಸರಾದ. ಹೆಸರು ಬಂದರೂ ನೆಲ ಉಳಿಯಲಿಲ್ಲ. ಹಕ್ಕುಪತ್ರ ಸರಿಯಿಲ್ಲದೆ, ಸಾಲ ಮತ್ತು ವ್ಯಾಜ್ಯಗಳಲ್ಲಿ ಕೆಂಟಕಿಯ ಜಮೀನು ಕೈಬಿಟ್ಟು ಹೋಗಿ, 1799ರಲ್ಲಿ (ನಮ್ಮಲ್ಲಿ ಶ್ರೀರಂಗಪಟ್ಟಣ ಪತನವಾದ ವರ್ಷ) ಅವನು ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಮಿಸೌರಿಗೆ ಹೊರಟುಹೋದ. ಹಾರ್ಡಿಂಗ್ ಅವನನ್ನು ಹುಡುಕಿಕೊಂಡು ಹೋದದ್ದು ಅಲ್ಲಿಗೆ.

ಬೂನ್‌ನ ಕಥೆಗಳಲ್ಲಿ ಬರುವ ‘ಫ್ರಾಂಟಿಯರ್’ ಎಂದರೆ ಗಡಿನಾಡೇ?

ಅಲ್ಲ. ಕನ್ನಡದಲ್ಲಿ ಗಡಿನಾಡು ಎಂದೊಡನೆ ನಮಗೆ ಬೆಳಗಾವಿ, ಕಾಸರಗೋಡು ನೆನಪಾಗುತ್ತವೆ: ಎರಡೂ ಕಡೆ ಊರು, ಭಾಷೆ, ಕಂದಾಯದ ದಾಖಲೆ ಇರುವ, ನಡುವೆ ಗೆರೆ ಎಳೆದಿರುವ ಜಾಗ. ಅಮೆರಿಕದ ಬಿಳಿಯ ವಲಸಿಗರು ಫ್ರಾಂಟಿಯರ್ ಎಂದದ್ದು ತಮ್ಮ ಬೇಲಿ ಮುಗಿಯುವ ಕಡೆಯನ್ನು. ಅದರಾಚೆ ಇರುವುದು ಬರಿದಾದ ಕಾಡು ಎಂಬ ಭಾವನೆ ಆ ಪದದೊಳಗೇ ಸೇರಿಕೊಂಡಿದೆ. ಆಚೆ ಬರಿದಾಗಿರಲಿಲ್ಲ. ಶಾನೀ, ಚೆರೋಕೀ ಮುಂತಾದ ಜನರ ಬೇಟೆಯ ನೆಲ, ನಡೆದಾಡುವ ದಾರಿ ಅಲ್ಲಿದ್ದವು. ಬೂನ್ ಕಡಿದ ದಾರಿಯೂ ಬಹುಪಾಲು ಅವರ ಕಾಲುದಾರಿಗಳನ್ನೇ ಹಿಡಿದು ಹೋಗಿತ್ತು. ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಒಂಟಿ ಪದ ನನಗೆ ಕಂಡಿಲ್ಲವಾದ್ದರಿಂದ ಮೂಲ ಪದವನ್ನೇ ಉಳಿಸಿಕೊಂಡಿದ್ದೇನೆ.

ಚೆಸ್ಟರ್ ಹಾರ್ಡಿಂಗ್ ಎಲ್ಲಿ ಕಲಿತ ಕಲಾವಿದ?

ಎಲ್ಲಿಯೂ ಕಲಿತವನಲ್ಲ. 1792ರಲ್ಲಿ ಮ್ಯಾಸಚೂಸೆಟ್ಸ್‌ನ ಕಾನ್ವೇ ಎಂಬ ಊರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಹಲವು ಕಸುಬು ಮಾಡಿ ನೋಡಿ, ಸಾಲಗಾರರಿಂದ ತಲೆತಪ್ಪಿಸಿಕೊಂಡು ನದಿಯ ದಾರಿಯಲ್ಲಿ ಪಿಟ್ಸ್‌ಬರ್ಗ್ ಸೇರಿ, ಅಲ್ಲಿ ಮನೆಗಳಿಗೆ ಬಣ್ಣ ಬಳಿಯುವುದಕ್ಕೂ ಅಂಗಡಿಗಳ ಬೋರ್ಡು ಬರೆಯುವುದಕ್ಕೂ ನಿಂತವನು. ಆ ಊರಿನ ಒಬ್ಬ ಭಾವಚಿತ್ರಕಾರನಿಗೆ ಹಣ ಕೊಟ್ಟು ತನ್ನ ಹಾಗೂ ಹೆಂಡತಿಯ ಚಿತ್ರ ಬರೆಸಿದ. ಚಿತ್ರ ಬೇಕಾಗಿತ್ತು ಎಂಬುದಕ್ಕಿಂತ ಬರೆಯುವುದನ್ನು ನೋಡಬೇಕು ಎಂಬುದು ಅವನ ಆಸೆಯಾಗಿತ್ತು. ಆದರೆ ಆ ಕಲಾವಿದ ಕುಂಚ ಹಿಡಿದದ್ದನ್ನು ನೋಡಲು ಬಿಡಲಿಲ್ಲ. ಕೊನೆಗೆ ಬೋರ್ಡು ಬರೆಯುವ ಬಣ್ಣಗಳಿಂದಲೇ ಹೆಂಡತಿಯ ಮುಖವನ್ನು ಬರೆದು, ಹೋಲಿಕೆ ಬಂದದ್ದನ್ನು ಕಂಡು ಸಂತೋಷದಿಂದ ಹುಚ್ಚೆದ್ದುಹೋದೆ ಎಂದು ಅವನೇ ಬರೆದುಕೊಂಡಿದ್ದಾನೆ.

ಅಲ್ಲಿಂದ ಕೆಂಟಕಿಯ ಪ್ಯಾರಿಸ್ ಎಂಬ ಊರಿಗೆ ಹೋಗಿ, ತಲೆಯೊಂದಕ್ಕೆ 25 ಡಾಲರ್‌ನಂತೆ ಆರು ತಿಂಗಳಲ್ಲಿ ಹೆಚ್ಚುಕಡಿಮೆ ನೂರು ಭಾವಚಿತ್ರ ಬರೆದ. ಫಿಲಡೆಲ್ಫಿಯದಲ್ಲಿ ಎರಡು ತಿಂಗಳು ದೊಡ್ಡವರ ಚಿತ್ರಗಳನ್ನು ನೋಡಿ ಬಂದ. 1820ರಲ್ಲಿ ಸೇಂಟ್ ಲೂಯಿಸ್ ಸೇರಿದ. ಅಂದರೆ ಬೂನ್‌ನ ಎದುರಿಗೆ ಕೂತಾಗ ಅವನಿಗೆ ಇಪ್ಪತ್ತೆಂಟು ದಾಟಿರಲಿಲ್ಲ, ಕುಂಚ ಹಿಡಿದು ಕೆಲವೇ ವರ್ಷಗಳಾಗಿದ್ದವು. ಮುಂದೆ ಅವನು ಲಂಡನ್ನಿನಲ್ಲಿ ರಾಜಮನೆತನದ ಸಸೆಕ್ಸ್ ಡ್ಯೂಕ್‌ನನ್ನೂ, ಅಮೆರಿಕದಲ್ಲಿ ಜೇಮ್ಸ್ ಮ್ಯಾಡಿಸನ್, ಜೇಮ್ಸ್ ಮನ್ರೊ, ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಡೇನಿಯಲ್ ವೆಬ್‌ಸ್ಟರ್ ಮುಂತಾದವರನ್ನೂ ಬರೆದ. ಬೋಸ್ಟನ್‌ನಲ್ಲಿ ಅವನಿಗೆ ಬಂದ ಬೇಡಿಕೆಯನ್ನು ಕಂಡು ಹಿರಿಯ ಕಲಾವಿದ ಗಿಲ್ಬರ್ಟ್ ಸ್ಟೂಅರ್ಟ್ ‘ಹಾರ್ಡಿಂಗ್ ಜ್ವರ ಈಗ ಎಷ್ಟಿದೆ’ ಎಂದು ವಿಚಾರಿಸುತ್ತಿದ್ದನಂತೆ. 1866ರಲ್ಲಿ ಹಾರ್ಡಿಂಗ್ ತೀರಿಕೊಂಡ.

ಚಿತ್ರ ಬರೆದ ಸಂದರ್ಭ ಹೇಗಿತ್ತು?

ಹಾರ್ಡಿಂಗ್ ತನ್ನ ಆತ್ಮಕಥನದಲ್ಲಿ ಇದನ್ನು ಹೇಳಿದ್ದಾನೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಬೂನ್‌ನ ಚಿತ್ರ ಬರೆಯಬೇಕೆಂದು ನೂರು ಮೈಲಿ ಪ್ರಯಾಣ ಮಾಡಿದನಂತೆ. ಅವನ ಮನೆ ಹತ್ತಿರವಾದಷ್ಟೂ ಅವನ ಬಗ್ಗೆ ತಿಳಿದವರು ಕಡಿಮೆಯಾಗುತ್ತ ಹೋದರು. ಇನ್ನು ಎರಡು ಮೈಲಿ ಉಳಿದಿರುವಾಗ ಒಬ್ಬನನ್ನು ಕೇಳಿದರೆ, ಅಂಥ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ ಎಂದುಬಿಟ್ಟ. ಅವನ ಹೆಂಡತಿಯೇ ನೆನಪಿಸಿದಳು: ಹೊಳೆಯ ಹತ್ತಿರದ ತಗ್ಗಿನಲ್ಲಿ ಇದ್ದಾನಲ್ಲ, ಆ ಬಿಳಿತಲೆಯ ಮುದುಕ, ಅವನೇ. ಯುರೋಪಿನ ಓದುಗರಿಗೆ ಗೊತ್ತಿದ್ದ ಹೆಸರು ಎರಡು ಮೈಲಿಯಾಚೆಯ ನೆರೆಯವನಿಗೆ ಗೊತ್ತಿರಲಿಲ್ಲ.

ಒಳಗೆ ಹೋದಾಗ ಬೂನ್ ಬೆಂಕಿಯ ಪಕ್ಕದಲ್ಲಿ ಮಲಗಿಕೊಂಡೇ ಊಟಕ್ಕೆ ಅಡುಗೆ ಮಾಡಿಕೊಳ್ಳುತ್ತಿದ್ದ. ಕೋವಿಯ ನಳಿಗೆಗೆ ಮದ್ದುಗುಂಡು ಜಡಿಯುವ ಸರಳಿಗೆ ಜಿಂಕೆ ಮಾಂಸದ ಉದ್ದನೆಯ ಪಟ್ಟಿಯನ್ನು ಸುತ್ತಿ, ಉಪ್ಪು ಮೆಣಸು ಹಾಕುತ್ತ, ಉರಿಯ ಮುಂದೆ ತಿರುಗಿಸುತ್ತಿದ್ದ. ಭಾವಚಿತ್ರ ಎಂದರೆ ಏನೆಂದು ಅವನಿಗೆ ಮೊದಲು ಅರ್ಥವಾಗಲಿಲ್ಲ. ವಿವರಿಸಿ ಹೇಳಿದ ಮೇಲೆ ಒಪ್ಪಿದ. ಇತ್ತೀಚಿನ ಸಂಗತಿಗಳು ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವಾದರೂ ಹಳೆಯ ಬೇಟೆಯ ಕಥೆಗಳನ್ನು ದಿನವೂ ಹೇಳುತ್ತಿದ್ದ. ದಿಕ್ಸೂಚಿ ಇಲ್ಲದೆ ಅಷ್ಟು ಅಲೆದಿದ್ದೀರಲ್ಲ, ಎಂದೂ ದಾರಿ ತಪ್ಪಲಿಲ್ಲವೇ ಎಂದು ಹಾರ್ಡಿಂಗ್ ಕೇಳಿದ್ದಕ್ಕೆ, ದಾರಿ ತಪ್ಪಿದೆ ಎನ್ನಲಾರೆ, ಒಮ್ಮೆ ಮೂರು ದಿನ ಗಲಿಬಿಲಿಯಾಗಿತ್ತು ಎಂದನಂತೆ. ಚಿತ್ರ ಮುಗಿದಾಗ ತನ್ನ ಹೋಲಿಕೆಯನ್ನು ಕಂಡು ಬೆರಗಾದ. ಸುತ್ತಲಿನ ಮೊಮ್ಮಕ್ಕಳು, ಮರಿಮಕ್ಕಳು ಅವನಿಗಿಂತ ಹೆಚ್ಚು ಬೆರಗಾದರು.

ಬೂನ್ ಮನೆತನದವರು ಉಳಿಸಿಕೊಂಡ ನೆನಪು ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಅವರ ಪ್ರಕಾರ ಚಿತ್ರ ಬರೆದದ್ದು ಮಗಳು ಜೆಮೈಮಾ ಕ್ಯಾಲವೇಯ ಮನೆಯಲ್ಲಿ, ಒಲ್ಲೆನೆಂದ ತಂದೆಯನ್ನು ಒಪ್ಪಿಸಿದವಳೂ ಅವಳೇ. (1776ರಲ್ಲಿ ಬೂನ್ಸ್‌ಬರೊದ ಹೊಳೆಯಿಂದ ಮೂಲನಿವಾಸಿಗಳ ತಂಡವೊಂದು ಹಿಡಿದೊಯ್ದಿದ್ದ, ಬೂನ್ ಬೆನ್ನಟ್ಟಿ ಹೋಗಿ ಬಿಡಿಸಿಕೊಂಡು ತಂದ ಮಗಳು ಈಕೆಯೇ.) ಕೂರಲಾರದಷ್ಟು ನಿಶ್ಶಕ್ತನಾಗಿದ್ದ ಅವನ ತಲೆಯನ್ನು ಹಿಂದಿನಿಂದ ಒಬ್ಬರು ಹಿಡಿದುಕೊಂಡಿದ್ದರು ಎಂಬ ಹೇಳಿಕೆಯೂ ಇದೆ. ಹಾರ್ಡಿಂಗ್ ತನ್ನ ಕಥೆಯನ್ನು ಬರೆದದ್ದು ದಶಕಗಳ ನಂತರ, ಹೇಳುವ ಕಲೆ ಬಲ್ಲವನಾಗಿ. ಮಾಂಸ ಸುಡುತ್ತಿದ್ದ ಒಂಟಿ ಮುದುಕನ ದೃಶ್ಯವನ್ನು ಪೂರ್ತಿ ನಂಬುವ ಮೊದಲು ಅಷ್ಟನ್ನು ನೆನಪಿಡುವುದು ಒಳ್ಳೆಯದು.

ಆಗ ಬೂನ್‌ಗೆ ತೊಂಬತ್ತು ವರ್ಷವೇ?

ಹಾರ್ಡಿಂಗ್ ಹಾಗೆಂದೇ ಬರೆದಿದ್ದಾನೆ, ಹಲವು ಪುಸ್ತಕಗಳು ಅದನ್ನೇ ನಂಬಿವೆ. ಲೆಕ್ಕ ಸರಳವಾಗಿದೆ: 1734ರಲ್ಲಿ ಹುಟ್ಟಿದವನಿಗೆ 1820ರ ಜೂನ್‌ನಲ್ಲಿ ಎಂಬತ್ತೈದು.

ಚಿತ್ರದಲ್ಲಿ ಗಮನಿಸಬೇಕಾದದ್ದು ಏನು?

ಮೊದಲು ಕಾಣುವುದು ಬಿಳಿ ಕೂದಲು. ಆಮೇಲೆ ಒಳಸೇರಿದ ಕೆನ್ನೆ, ತೆಳುವಾದ ತುಟಿಗಳು, ಅಗಲವಾದ ಬಾಯಿ, ಎದ್ದುನಿಂತ ಮೂಗು. ಹಿನ್ನೆಲೆಯಲ್ಲಿ ಕಾಡಿಲ್ಲ, ಬೆಟ್ಟವಿಲ್ಲ, ಕೋವಿಯಿಲ್ಲ, ಬೇಟೆನಾಯಿಯಿಲ್ಲ. ಮಂಕಾದ ಕಂದುಬಣ್ಣದ ಮುಂದೆ ಒಂದು ಮುಖವಷ್ಟೆ. ಯಾರೆಂದು ಹೇಳದೆ ತೋರಿಸಿದರೆ ಯಾವುದೋ ಹಳ್ಳಿಯ ಚರ್ಚಿನ ನಿವೃತ್ತ ಪಾದ್ರಿ ಎಂದು ನೀವು ಊಹಿಸಿದರೂ ಆಶ್ಚರ್ಯವಿಲ್ಲ.

ಕುಂಚದ ಕೆಲಸವನ್ನೂ ನೋಡಬೇಕು. ಹಾರ್ಡಿಂಗ್‌ನ ಗಮನವೆಲ್ಲ ಮುಖದ ಮೇಲಿದೆ. ಉಡುಪು ಮತ್ತು ಹಿನ್ನೆಲೆಯನ್ನು ಅವನು ಬೇಗಬೇಗನೆ ಮುಗಿಸಿದ್ದಾನೆ. ಬೋರ್ಡು ಬರೆದು ಕಲಿತವನ ಕೈಯಲ್ಲಿ ಸಾಮಾನ್ಯವಾಗಿ ಗೆರೆ ಗಟ್ಟಿಯಾಗಿರುತ್ತದೆ, ಮುಖ ಚಪ್ಪಟೆಯಾಗುತ್ತದೆ. ಇಲ್ಲಿ ಕಣ್ಣಿನ ಸುತ್ತಲಿನ ಸಡಿಲ ಚರ್ಮವನ್ನೂ ಕೆನ್ನೆಯೆಲುಬಿನ ಕೆಳಗಿನ ನೆರಳನ್ನೂ ಅವನು ಬಣ್ಣದ ಮೇಲೆ ಬಣ್ಣವಿಟ್ಟು ತಂದಿದ್ದಾನೆ. ಹಣ ಕೊಟ್ಟು ಬರೆಸಿಕೊಳ್ಳುವ ಗಿರಾಕಿಯನ್ನು ಕಲಾವಿದ ಸ್ವಲ್ಪ ಚೆಲುವಾಗಿ ತೋರಿಸಬೇಕಾಗುತ್ತದೆ. ಬೂನ್ ಬರೆಸಿಕೊಂಡವನಲ್ಲ. ಬಹುಶಃ ಅದರಿಂದಲೇ ಈ ಮುಖಕ್ಕೆ ಹೊಗಳಿಕೆಯ ಸೋಂಕು ತಟ್ಟಿಲ್ಲ.

ತುಪ್ಪಳದ ಟೋಪಿ ಎಲ್ಲಿ?

ಪಟ್ಟೆಬಾಲ ಹಿಂದಕ್ಕೆ ಇಳಿಬಿದ್ದ ರಕೂನ್ ಪ್ರಾಣಿಯ ತೊಗಲಿನ ಟೋಪಿಯನ್ನು ನೆನೆಸಿಕೊಂಡು ಬಂದವರಿಗೆಲ್ಲ ಈ ಚಿತ್ರ ನಿರಾಸೆ ಮಾಡುತ್ತದೆ. ಬೂನ್ ಅಂಥ ಟೋಪಿ ಹಾಕುತ್ತಿರಲಿಲ್ಲ. ಬೀವರ್ ತುಪ್ಪಳದಿಂದ ಮಾಡಿದ, ಸುತ್ತ ಅಂಚಿರುವ ಫೆಲ್ಟ್ ಟೋಪಿ ಅವನದು. ರಕೂನ್ ಟೋಪಿಯನ್ನು ಜನರ ಮನಸ್ಸಿನಲ್ಲಿ ಅವನ ತಲೆಗೆ ಭದ್ರವಾಗಿ ತೊಡಿಸಿದ್ದು 1964ರಿಂದ 1970ರವರೆಗೆ ನಡೆದ ಅಮೆರಿಕನ್ ಟಿವಿ ಧಾರಾವಾಹಿ. ಅದರಲ್ಲಿ ಬೂನ್ ಆಗಿ ನಟಿಸಿದ ಫೆಸ್ ಪಾರ್ಕರ್ 1950ರ ದಶಕದಲ್ಲಿ ಡೇವಿ ಕ್ರಾಕೆಟ್ ಎಂಬ ಇನ್ನೊಬ್ಬ ಕಾಡುವೀರನ ಪಾತ್ರವನ್ನೂ ಅದೇ ಬಗೆಯ ಟೋಪಿಯಲ್ಲಿ ಮಾಡಿದ್ದ. ಇಬ್ಬರೂ ಒಂದೇ ಮುಖ, ಒಂದೇ ಟೋಪಿಯವರಾದರು. ಕ್ರಾಕೆಟ್ ಹುಟ್ಟಿದ್ದು 1786ರಲ್ಲಿ. ಬೂನ್‌ನ ಮೊಮ್ಮಗನ ವಯಸ್ಸಿನವನು.

ಆಳೆತ್ತರದ ಚಿತ್ರಕ್ಕೆ ಏನಾಯಿತು?

ಹಾರ್ಡಿಂಗ್ ಬರೆದ ಆ ದೊಡ್ಡ ಚಿತ್ರ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್ ಸೇರಿತ್ತು. ವರ್ಷಗಳು ಕಳೆದಂತೆ ಅದು ಎಷ್ಟು ಹಾಳಾಯಿತೆಂದರೆ, ಕೊನೆಗೆ ಅದರಿಂದ ತಲೆಯ ಭಾಗವನ್ನಷ್ಟೇ ಕತ್ತರಿಸಿ ಉಳಿಸಿಕೊಳ್ಳಬೇಕಾಯಿತು. ಮಿಕ್ಕಿದ್ದು ಹೋಯಿತು.

ಇಡಿಯಾಗಿ ಹೇಗಿತ್ತು ಎಂಬುದನ್ನು ತಿಳಿಯಲು ಇರುವುದು ಜೇಮ್ಸ್ ಓಟೊ ಲೂಯಿಸ್ 1820ರಲ್ಲಿಯೇ ಸೇಂಟ್ ಲೂಯಿಸ್‌ನಲ್ಲಿ ಮಾಡಿದ ಅಚ್ಚುಚಿತ್ರ. ಲೋಹದ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆಯುವ ಬಗೆ ಅದು. ಅದರಲ್ಲಿ ಬೂನ್ ಅಂಚುಗಳಿಗೆ ಜಾಲರಿ ಇಳಿಬಿಟ್ಟ ತೊಗಲಿನ ಬೇಟೆಯಂಗಿ ತೊಟ್ಟು, ಕೋವಿ ಹಿಡಿದು ನಿಂತಿದ್ದಾನೆ, ಕಾಲಬುಡದಲ್ಲಿ ನಾಯಿ. ತಲೆ ಹಿಡಿದುಕೊಳ್ಳಬೇಕಾಗಿದ್ದ ಮುದುಕನನ್ನು ಸೇಂಟ್ ಲೂಯಿಸ್‌ಗೆ ಮರಳಿದ ಮೇಲೆ ಕಲಾವಿದ ಎದ್ದು ನಿಲ್ಲಿಸಿದ್ದಾನೆ ಎಂದಾಯಿತು. ಕೊಳ್ಳುವ ಜನಕ್ಕೆ ಬೇಕಾಗಿದ್ದ ಬೂನ್ ಅವನೇ. ದಂತಕಥೆ ಚಿತ್ರದೊಳಗೆ ಕಾಲಿಟ್ಟದ್ದು ಬೇರೆ ಯಾವುದೋ ತಲೆಮಾರಿನಲ್ಲಲ್ಲ, ಹಾರ್ಡಿಂಗ್‌ನ ಸ್ವಂತ ಕೋಣೆಯಲ್ಲಿ, ಮೊದಲ ಚಿತ್ರ ಬರೆದ ಅದೇ ವರ್ಷ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮುಖ ಅದೇ, ದೇಹ ಮಾತ್ರ ಇಪ್ಪತ್ತು ವರ್ಷ ಚಿಕ್ಕದು.

ಒಂದು ಮಾತು ಸೇರಿಸಬೇಕು. ಇದೇ ಲೂಯಿಸ್ ಮುಂದೆ ಸರ್ಕಾರದ ಒಪ್ಪಂದಸಭೆಗಳಿಗೆ ಹೋಗಿ ಮೂಲನಿವಾಸಿ ನಾಯಕರ ಮುಖಗಳನ್ನು ಬರೆದು, 1830ರ ದಶಕದಲ್ಲಿ ಅವುಗಳ ಕಲ್ಲಚ್ಚಿನ ಸಂಪುಟವನ್ನು ಹೊರತಂದ.

ಅಷ್ಟು ಹೆಸರಾದವನ ಚಿತ್ರವನ್ನು ಮೊದಲೇ ಯಾರೂ ಏಕೆ ಬರೆಯಲಿಲ್ಲ?

ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಅದಕ್ಕೆ ಮುಂಚೆ ಮುಖವನ್ನು ಉಳಿಸಿಕೊಳ್ಳಬೇಕೆಂದರೆ ಕಲಾವಿದ ಬೇಕು, ಅವನಿಗೆ ಕೊಡಲು ಹಣ ಬೇಕು, ದಿನಗಟ್ಟಲೆ ಒಂದೆಡೆ ಕೂರುವ ಬಿಡುವು ಬೇಕು. ಬೂನ್ ಬಾಳಿದ ಕಡೆಗಳಲ್ಲಿ ಈ ಮೂರೂ ಅಪರೂಪವಾಗಿದ್ದವು.

ಪಕ್ಷಿಚಿತ್ರಕಾರ ಆಡುಬಾನ್ ಕೂಡ ಬೂನ್‌ನನ್ನು ನೋಡಿದ್ದನಂತಲ್ಲ?

ಜಾನ್ ಜೇಮ್ಸ್ ಆಡುಬಾನ್ ತಾನು ಕೆಂಟಕಿಯಲ್ಲಿ ಬೂನ್‌ನ ಜೊತೆಯಲ್ಲಿ ಒಂದು ರಾತ್ರಿ ಕಳೆದುದಾಗಿ ಬರೆದಿದ್ದಾನೆ. ಅವನ ಹೆಸರಿನಲ್ಲಿ ಒಂದು ಬೂನ್ ಭಾವಚಿತ್ರವೂ ಓಡಾಡುತ್ತದೆ. ಆದರೆ ಅವನ ಬರಹದಲ್ಲಿ ಬೂನ್ ದೈತ್ಯಾಕಾರದವನು. ಹತ್ತಿರದವರ ಹೇಳಿಕೆಗಳಲ್ಲಿ ಐದಡಿ ಎಂಟಂಗುಲದ ಆಸುಪಾಸಿನ, ಗಟ್ಟಿಮುಟ್ಟಾದ, ಸಾಧಾರಣ ಎತ್ತರದ ಮನುಷ್ಯ. ಇತಿಹಾಸಕಾರರು ಆ ಭೇಟಿಯನ್ನು ಅನುಮಾನದಿಂದಲೇ ನೋಡುತ್ತಾರೆ.

ಬೂನ್‌ನ ಬೇರೆ ಪ್ರಸಿದ್ಧ ಚಿತ್ರಗಳೂ ಇವೆಯಲ್ಲ, ಅವುಗಳಿಗೂ ಇದಕ್ಕೂ ಏನು ಸಂಬಂಧ?

ಹೆಚ್ಚಿನವಕ್ಕೆ ಇಲ್ಲ. ಥಾಮಸ್ ಕೋಲ್ 1826ರಲ್ಲಿ ಬರೆದ ಚಿತ್ರ ಆಮ್‌ಹರ್ಸ್ಟ್ ಕಾಲೇಜಿನ ಮೀಡ್ ಕಲಾಸಂಗ್ರಹಾಲಯದಲ್ಲಿದೆ. ಅದರಲ್ಲಿ ಬೂನ್ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಾನೆ, ಸುತ್ತಲೂ ಕಾಡು ಮೇಲೆದ್ದಿದೆ. ಕೆಂಟಕಿಯದೆಂದು ಚಿತ್ರದ ಶೀರ್ಷಿಕೆ ಹೇಳುವ ‘ಗ್ರೇಟ್ ಒಸೇಜ್’ ಸರೋವರ ಕೆಂಟಕಿಯಲ್ಲಿ ಇಲ್ಲ. ಕೋಲ್‌ಗೆ ಬೇಕಾಗಿದ್ದು ಕಾಡು ಮತ್ತು ಏಕಾಂತ. ಜಾರ್ಜ್ ಕ್ಯಾಲೆಬ್ ಬಿಂಗ್‌ಹ್ಯಾಮ್ 1851-52ರಲ್ಲಿ ಬರೆದ ದೊಡ್ಡ ಚಿತ್ರ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಂಪರ್ ಸಂಗ್ರಹಾಲಯದಲ್ಲಿದೆ. ಕತ್ತಲ ಬೆಟ್ಟಗಳ ನಡುವೆ, ಬೆಳಕು ಬಿದ್ದ ದಾರಿಯಲ್ಲಿ, ಬಿಳಿ ಕುದುರೆಯ ಮೇಲೆ ಕೂತ ಹೆಂಗಸಿನ ಮುಂದೆ ಬೂನ್ ವಲಸಿಗರನ್ನು ನಡೆಸಿಕೊಂಡು ಬರುತ್ತಿದ್ದಾನೆ. ತನ್ನ ಜನರನ್ನು ಹೊಸ ನಾಡಿನ ಕಡೆಗೆ ನಡೆಸಿದ ಬೈಬಲ್ಲಿನ ಮೋಶೆಯನ್ನು ಬಲ್ಲವರಿಗೆ ಆ ಭಂಗಿ ಹೊಸದಲ್ಲ.

ಇವೆರಡಕ್ಕಿಂತ ಕಟುವಾದದ್ದು ವಾಷಿಂಗ್ಟನ್‌ನ ಸಂಸತ್ ಭವನದ ಗುಮ್ಮಟದ ಕೆಳಗಿನ ಸಭಾಂಗಣದಲ್ಲಿ, ಬಾಗಿಲೊಂದರ ಮೇಲೆ ಎನ್ರಿಕೊ ಕೌಸಿಸಿ 1826-27ರಲ್ಲಿ ಕೆತ್ತಿದ ಉಬ್ಬುಶಿಲ್ಪ. ಅದರಲ್ಲಿ ಬೂನ್ ಒಬ್ಬ ಮೂಲನಿವಾಸಿಯೊಂದಿಗೆ ಕೈಕೈ ಮಿಲಾಯಿಸಿ ಹೋರಾಡುತ್ತಿದ್ದಾನೆ. ಕಾಲಕೆಳಗೆ ಇನ್ನೊಬ್ಬನ ಹೆಣ ಬಿದ್ದಿದೆ. ಹಾರ್ಡಿಂಗ್‌ನ ಬೂನ್ ಮತ್ತು ಕೌಸಿಸಿಯ ಬೂನ್, ಆರೇಳು ವರ್ಷಗಳ ಅಂತರದಲ್ಲಿ ಬಂದ ಈ ಇಬ್ಬರಲ್ಲಿ ದೇಶ ತನ್ನ ಶಾಸನಸಭೆಯ ಗೋಡೆಗೆ ಯಾರನ್ನು ಆರಿಸಿಕೊಂಡಿತು ಎಂಬುದು ಆ ದೇಶದ ಬಗ್ಗೆ ಹೇಳುತ್ತದೆ, ಬೂನ್‌ನ ಬಗ್ಗೆ ಅಲ್ಲ.

ಹೆಸರಿನ ಕಾಗುಣಿತ ಬೇರೆ ಬೇರೆಯಾಗಿ ಕಾಣುತ್ತದೆ. ಏಕೆ?

ಫಿಲ್ಸನ್‌ನ ಪುಸ್ತಕದಲ್ಲೂ ಲೂಯಿಸ್‌ನ ಅಚ್ಚುಚಿತ್ರದಲ್ಲೂ ಇಂಗ್ಲಿಷಿನ ಕೊನೆಯ ‘ಇ’ ಅಕ್ಷರವಿಲ್ಲ. ಬೂನ್ ಸಹಿ ಮಾಡುವಾಗ ಆ ಅಕ್ಷರವನ್ನು ಸೇರಿಸುತ್ತಿದ್ದ. ಕೆಂಟಕಿ, ಟೆನೆಸಿಗಳ ಮರಗಳ ಮೇಲೆ ‘ಇಲ್ಲಿ ಬೂನ್ ಕರಡಿ ಕೊಂದ’ ಎಂಬ ಅರ್ಥದ ಕೆತ್ತನೆಗಳನ್ನು ಅನುಮಾನಿಸಲು ಇರುವ ಕಾರಣಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಬರೆಯುವ ನಮಗೆ ಈ ತೊಂದರೆ ಇಲ್ಲ.

ಬೂನ್ ಗುಲಾಮರನ್ನು ಇಟ್ಟುಕೊಂಡಿದ್ದನೇ? ಈ ಚಿತ್ರದ ಮುಂದೆ ಆ ಮಾತು ಏಕೆ?

ಹೌದು, ಇಟ್ಟುಕೊಂಡಿದ್ದ. 1780ರ ದಶಕದ ಕೊನೆಯಲ್ಲಿ ಕೆಂಟಕಿಯಲ್ಲಿದ್ದಾಗ ಅವನ ಬಳಿ ಏಳು ಮಂದಿ ಗುಲಾಮರಿದ್ದರು. ಮಿಸೌರಿಯ ಮುಪ್ಪಿನ ದಿನಗಳಲ್ಲಿ ಅವನ ಬೇಟೆಯ ಸಂಗಾತಿಯಾಗಿದ್ದವನು ಮಗನ ಮನೆಯ ಗುಲಾಮ ಡೆರಿ ಕೋಬರ್ನ್ ಎಂಬ ಕಪ್ಪು ಮನುಷ್ಯ. ಒಂಟಿಯಾಗಿ ಕಾಡು ಅಲೆದವನೆಂಬ ಬೂನ್‌ನ ಕಥೆಯೊಳಗೆ ಇಂಥವರು ಪಕ್ಕದಲ್ಲೇ ಇದ್ದರು.

ಚಿತ್ರದ ಮುಂದೆ ಈ ಮಾತು ಬರಬೇಕಾದದ್ದು, ಚೌಕಟ್ಟಿನೊಳಗೆ ಯಾರ ಮುಖ ಬರುತ್ತದೆ ಎಂಬುದೇ ಇತಿಹಾಸವಾಗಿರುವುದರಿಂದ. ದತ್ತು ತಂದೆ ಬ್ಲ್ಯಾಕ್‌ಫಿಶ್ ಹೇಗಿದ್ದ ಎಂದು ತೋರಿಸುವ, ಎದುರಿಗೆ ಕೂರಿಸಿ ಬರೆದ ಇಂಥ ಚಿತ್ರವನ್ನು ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ. ನೆಲದ ವಿಷಯದಲ್ಲಿಯೂ ಹೀಗೆಯೇ. 1775ರಲ್ಲಿ ಸಿಕಮೋರ್ ಶೋಲ್ಸ್ ಎಂಬಲ್ಲಿ ಹೆಂಡರ್ಸನ್ ಚೆರೋಕೀ ಮುಖಂಡರಿಂದ ಕೆಂಟಕಿಯ ಬಹುಭಾಗವನ್ನು ಕೊಂಡೆನೆಂದ. ಡ್ರ್ಯಾಗಿಂಗ್ ಕನೂ ಎಂಬ ಚೆರೋಕೀ ನಾಯಕ ಆಗಲೇ ವಿರೋಧಿಸಿದ. ಅಲ್ಲಿ ಬೇಟೆಯಾಡುತ್ತಿದ್ದ ಶಾನೀ ಜನರು ಆ ಮಾರಾಟವನ್ನು ಒಪ್ಪಲೇ ಇಲ್ಲ. ಬಳಿಕ ವರ್ಜೀನಿಯ ಸರ್ಕಾರವೂ ಅದನ್ನು ಮಾನ್ಯ ಮಾಡಲಿಲ್ಲ. ಇಷ್ಟೆಲ್ಲದರ ನಂತರ ಬೂನ್‌ಗೂ ಅಲ್ಲಿ ಅಂಗೈಯಗಲ ನೆಲ ಉಳಿಯಲಿಲ್ಲ. ಸ್ಪೇನಿನವರು ಮಿಸೌರಿಯಲ್ಲಿ ಕೊಟ್ಟಿದ್ದ ಸುಮಾರು 850 ಎಕರೆಯನ್ನೂ, ಆ ಪ್ರಾಂತ್ಯ ಅಮೆರಿಕಕ್ಕೆ ಸೇರಿದ ಮೇಲೆ ಕಾಗದಪತ್ರ ಸಾಲದೆಂದು ಕಳೆದುಕೊಂಡ. 1814ರಲ್ಲಿ ಸಂಸತ್ತು ಅದನ್ನು ಮರಳಿಸಿದಾಗ, ಮಾರಿ ಕೆಂಟಕಿಯ ಹಳೆಯ ಸಾಲಗಾರರಿಗೆ ಕೊಟ್ಟ. ಹಾರ್ಡಿಂಗ್‌ನ ಎದುರಿಗೆ ಕೂತವನು ಮಕ್ಕಳ ಮನೆಗಳಲ್ಲಿ ಸರದಿಯಂತೆ ಉಳಿಯುತ್ತಿದ್ದ, ತನಗೆಂದು ಮಾಡಿಸಿದ ಚೆರಿಮರದ ಶವಪೆಟ್ಟಿಗೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಮುದುಕ.

ಚಿತ್ರವನ್ನು ನೋಡಬೇಕಾದರೆ ಎಲ್ಲಿಗೆ ಹೋಗಬೇಕು?

ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ್ದು, ವಾಷಿಂಗ್ಟನ್ ನಗರದ ನಡುವೆ, ಹಿಂದೆ ಪೇಟೆಂಟ್ ಕಚೇರಿಯಾಗಿದ್ದ ಕಟ್ಟಡದಲ್ಲಿದೆ, ಪ್ರವೇಶ ಉಚಿತ. ಸಂಗ್ರಹದಲ್ಲಿರುವುದೆಲ್ಲ ಯಾವಾಗಲೂ ಗೋಡೆಯ ಮೇಲೆ ಇರುವುದಿಲ್ಲವಾದ್ದರಿಂದ, ಹೊರಡುವ ಮೊದಲು ಅವರ ಜಾಲತಾಣದಲ್ಲಿ ಚಿತ್ರ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಳ್ಳಿ. ಬೋಸ್ಟನ್‌ನ ಸೊಸೈಟಿ 1791ರಷ್ಟು ಹಳೆಯದು, ಮುಖ್ಯವಾಗಿ ಹಸ್ತಪ್ರತಿಗಳ ಗ್ರಂಥಾಲಯ. ಅಲ್ಲಿ ಚಿತ್ರ ನೋಡಬೇಕೆಂದರೆ ಮುಂಚಿತವಾಗಿ ವಿಚಾರಿಸುವುದು ಲೇಸು. ಮಿಸೌರಿಗೆ ಹೋಗುವವರು ಡಿಫೈಯನ್ಸ್ ಎಂಬ ಊರಿನ ಬಳಿ, ಬೂನ್ ಕೊನೆಯುಸಿರೆಳೆದ ಮಗ ನೇಥನ್‌ನ ಕಲ್ಲಿನ ಮನೆಯನ್ನು ಇಂದಿಗೂ ನೋಡಬಹುದು.

ಬೂನ್‌ನ ಸಮಾಧಿ ಎರಡು ಕಡೆ ಇದೆಯಂತೆ. ಮುಖದ ಗುರುತಿಗೆ ಅದರಿಂದ ಏನಾದರೂ ಸಹಾಯವಾಗುತ್ತದೆಯೇ?

ಅವನನ್ನು ಮೊದಲು ಹೂಳಿದ್ದು ಮಿಸೌರಿಯ ಮಾರ್ಥಾಸ್‌ವಿಲ್ ಬಳಿ, ರೆಬೆಕಾಳ ಪಕ್ಕದಲ್ಲಿ. 1845ರಲ್ಲಿ ಇಬ್ಬರ ಅವಶೇಷಗಳನ್ನೂ ತೆಗೆದು ಫ್ರಾಂಕ್‌ಫರ್ಟ್‌ಗೆ ಒಯ್ದು ಮತ್ತೆ ಹೂಳಲಾಯಿತು. ಕೆಂಟಕಿಯವರು ಒಯ್ದದ್ದು ಬೇರೆ ಯಾರದೋ ಮೂಳೆಗಳನ್ನು ಎಂದು ಮಿಸೌರಿಯವರು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಆ ಸಂದರ್ಭದಲ್ಲಿ ತಲೆಬುರುಡೆಯ ಪ್ಲಾಸ್ಟರ್ ಅಚ್ಚನ್ನು ತೆಗೆದಿದ್ದರು. 1983ರಲ್ಲಿ ಅದನ್ನು ಪರೀಕ್ಷಿಸಿದ ತಜ್ಞರೊಬ್ಬರು ಅದು ಕಪ್ಪು ಜನಾಂಗದ ವ್ಯಕ್ತಿಯದಾಗಿರಬಹುದು ಎಂದರು. ಅಚ್ಚು ಒರಟಾಗಿದ್ದುದರಿಂದ ಬೇರೆಯವರು ಆ ಮಾತನ್ನು ಒಪ್ಪಲಿಲ್ಲ. ವ್ಯಾಜ್ಯ ತೀರಿಲ್ಲ, ಎರಡೂ ಕಡೆ ಕಲ್ಲುಗಳಿವೆ, ಎರಡೂ ಕಡೆ ಜನ ಹೋಗಿ ಹೂವಿಡುತ್ತಾರೆ. ಮೂಳೆಯ ವಿಷಯದಲ್ಲಿ ಜಗಳವಾಡುವ ಇಬ್ಬರೂ ತಮ್ಮ ಫಲಕಗಳಿಗೂ ಪುಸ್ತಕಗಳಿಗೂ ಬೂನ್‌ನ ಮುಖ ಬೇಕಾದಾಗ ಹಾರ್ಡಿಂಗ್‌ನ ಚಿತ್ರದ ಕಡೆಗೇ ತಿರುಗುತ್ತಾರೆ.

ಚಿತ್ರದ ಪ್ರತಿಯನ್ನು ಲೇಖನದಲ್ಲೋ ಪಾಠದಲ್ಲೋ ಬಳಸಬಹುದೇ?

1820ರ ಚಿತ್ರಕ್ಕೆ ಹಕ್ಕುಸ್ವಾಮ್ಯ ಉಳಿದಿಲ್ಲ. ಆದರೂ ಸಂಗ್ರಹಾಲಯ ಒದಗಿಸುವ ಫೋಟೊ ಬಳಸುವಾಗ ಅವರು ವಿಧಿಸಿರುವ ನಿಯಮವನ್ನು ಓದಿಕೊಂಡು, ಕಲಾವಿದನ ಹೆಸರು, ವರ್ಷ, ಸಂಗ್ರಹ ಇಷ್ಟನ್ನು ಕೆಳಗೆ ನಮೂದಿಸಿ. ಮುಖ್ಯವಾಗಿ, ಬಳಸುತ್ತಿರುವುದು ಬೋಸ್ಟನ್‌ನ ಚಿತ್ರವೋ ವಾಷಿಂಗ್ಟನ್‌ನದೋ ಲೂಯಿಸ್‌ನ ಅಚ್ಚುಚಿತ್ರವೋ ಎಂಬುದನ್ನು ಬರೆಯಿರಿ. ಮೂರನ್ನೂ ಒಂದೇ ಎಂದುಕೊಂಡು ಬಳಸಿರುವ ಪುಸ್ತಕಗಳು ಸಾಕಷ್ಟಿವೆ.